ಸುಮಾ, ನಿಶಾಂತನಿಗೆ ಹೇಳು, ಅಲ್ಲಿ ಬಾಯಿ ಬಿಡಬೇಡ ಅಂತ

ಸುಮಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಲು ಬೆರಳು ಕೇಳುವುದಿಲ್ಲ, ಅದಕ್ಕೇ ಮಾತಾಡುತ್ತಿದ್ದೇನೆ. ಉದ್ದ ಆಗುತ್ತದೆ. ಒಲೆ ಮೇಲೆ ಏನಾದರೂ ಇದ್ದರೆ ಆರಿಸಿ ಬಾ.

ನಿಶಾಂತನಿಗೆ ಬರ್ಬೆರಾ ಬಂದರಿನಲ್ಲಿ ಕೆಲಸ ಸಿಕ್ಕಿದೆ, ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಸೊಮಾಲಿಯಾ ಅಂತಿದೆ, ಇನ್ನೊಂದು ಕಡೆ ಸೊಮಾಲಿಲ್ಯಾಂಡ್ ಅಂತಿದೆ, ಇಸ್ರೇಲ್ ಮಾನ್ಯತೆ ಕೊಟ್ಟಿತು ಅಂತ ಟಿವಿಯಲ್ಲಿ ಗಲಾಟೆ, ಇದು ಯಾವ ದೇಶ ದೊಡ್ಡಪ್ಪಾ, ಕಳಿಸಲಾ ಬೇಡವಾ ಅಂತ ಕೇಳಿದ್ದೀಯ. ಅದರ ಕೆಳಗೆ ಮಾಧವ ಕಡಲ್ಗಳ್ಳರ ವಿಡಿಯೋ ಹಾಕಿದ್ದಾನೆ. ಮಾಧವಾ, ಅದು ಹದಿನೈದು ವರ್ಷ ಹಿಂದಿನ ಕಥೆ. ಆ ಕಳ್ಳರು ಜಾಸ್ತಿ ಸೊಮಾಲಿಯಾದ ಈಶಾನ್ಯ ಮೂಲೆಯ ಪುಂಟ್‌ಲ್ಯಾಂಡ್ ಕಡೆಯವರು, ಬರ್ಬೆರಾದವರಲ್ಲ. ಸುಮ್ನೆ ಅವಳನ್ನು ಹೆದರಿಸಬೇಡ.

ಹೋಗಬೇಕೋ ಬೇಡವೋ ನೇಮಕಾತಿ ಪತ್ರ ನೋಡಿ ಆಮೇಲೆ ಹೇಳುತ್ತೇನೆ. ಮೊದಲು ಇದು ಕೇಳು. ಬರ್ಬೆರಾ ಇರುವುದು ಸೊಮಾಲಿಲ್ಯಾಂಡಿನಲ್ಲಿ. ಅದು ಸೊಮಾಲಿಯಾದ ಉತ್ತರದ ಭಾಗ, 1991ರಲ್ಲಿ ನಾವು ಬೇರೆ ದೇಶ ಅಂದಿತು, ಸೊಮಾಲಿಯಾ ಒಪ್ಪಿಲ್ಲ. ಅಲ್ಲಿ ಕಾಲಿಟ್ಟ ಮೇಲೆ ನೀವು ಒಂದು ದೇಶವೋ ಎರಡು ದೇಶವೋ ಅಂತ ಅವನು ಯಾರ ಹತ್ತಿರವೂ ಬಾಯಿ ಬಿಡಬಾರದು. ಒಂದಾಗಿದ್ದರೆ ಚೆನ್ನಾಗಿತ್ತು ಅನ್ನಬಾರದು. ಬೇರೆಯಾದದ್ದೇ ಸರಿ ಅಂತಲೂ ಅನ್ನಬಾರದು. ನಾನು ಹಾಗೆ ಹೇಳಿಯೇ ಕೆಟ್ಟವನು.

ದುಬೈಯಲ್ಲಿ ನನ್ನ ದೇರಾ ಆಫೀಸು ನಿಮಗೆಲ್ಲ ಗೊತ್ತೇ ಇದೆ. ಕ್ರೀಕ್ ದಡದಲ್ಲಿ, ಮರದ ಹಡಗುಗಳಿಗೆ ಸಾಮಾನು ತುಂಬುವ ಜಾಗದ ಎದುರು. ಲೆಕ್ಕ ಬರೆಯುವವನು ನಾನು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಸೊಮಾಲಿಗಳು. ಅವರಲ್ಲಿ ಇಬ್ಬರು ನನಗೆ ತುಂಬಾ ಹತ್ತಿರ. ಒಬ್ಬರು ಸೊಮಾಲಿಲ್ಯಾಂಡಿನ ರಾಜಧಾನಿ ಹರ್ಗೀಸಾದವರು, ನಾನು ಹಾಜಿ ಅನ್ನುತ್ತಿದ್ದೆ. ಅಕ್ಕಿ, ಸಕ್ಕರೆ, ಚಹಾಪುಡಿ ಬರ್ಬೆರಾಕ್ಕೆ ಕಳಿಸುವವರು. ಇನ್ನೊಬ್ಬ ಸೊಮಾಲಿಯಾದ ರಾಜಧಾನಿ ಮೊಗದಿಶುವಿನವನು, ನನ್ನದೇ ವಯಸ್ಸು, ಲಾರಿಯ ಬಿಡಿಭಾಗಗಳ ವ್ಯಾಪಾರ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆ ಚಹಾಕ್ಕೆ ಸಕ್ಕರೆ ಎಷ್ಟು ಅಂತೀರಿ, ಪಾಯಸ!

1996ರ ನವೆಂಬರ್ 1, ಶುಕ್ರವಾರ. ನಮ್ಮ ದುಬೈ ಕನ್ನಡಿಗರ ರಾಜ್ಯೋತ್ಸವ. ಏಕೀಕರಣ ಆಗಿ ನಲವತ್ತು ವರ್ಷ ಅಂತ ಭಾಷಣವೋ ಭಾಷಣ. ನಾನೂ ಮಾತಾಡಿದ್ದೆ. ಮರುದಿನ ಆಫೀಸಿಗೆ ಬಂದಾಗಲೂ ತಲೆ ಅದೇ ಗುಂಗಿನಲ್ಲಿತ್ತು. ಇವರಿಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಶುರು ಮಾಡಿಯೇಬಿಟ್ಟೆ. ನಿಮ್ಮದು ಒಂದೇ ಭಾಷೆ, ಒಂದೇ ಧರ್ಮ. ನಮ್ಮನ್ನು ನೋಡಿ, ಮದ್ರಾಸಿನ ಕೈಯಲ್ಲಿ ಒಂದಿಷ್ಟು, ಮುಂಬೈ ಕೈಯಲ್ಲಿ ಒಂದಿಷ್ಟು, ನಿಜಾಮನ ಕಡೆ ಒಂದಿಷ್ಟು ಇದ್ದೆವು. 1956ರಲ್ಲಿ ಸೇರಿದೆವು. ನೀವ್ಯಾಕೆ ಸೇರಬಾರದು?

ಹಾಜಿ ಲೋಟ ಕೆಳಗಿಟ್ಟರು. ನಾವೂ ಸೇರಿದ್ದೆವು ಅಂದರು. ಬ್ರಿಟಿಷರ ಕೈಯಲ್ಲಿದ್ದ ಅವರ ಉತ್ತರದ ಭಾಗಕ್ಕೆ 1960ರ ಜೂನ್ 26ಕ್ಕೆ ಸ್ವಾತಂತ್ರ್ಯ ಸಿಕ್ಕಿತಂತೆ. ಇಟಲಿಯವರ ಕೈಯಲ್ಲಿದ್ದ ದಕ್ಷಿಣಕ್ಕೆ ಜುಲೈ 1ಕ್ಕೆ. ಅದೇ ದಿನ ಇವರು ತಾವಾಗಿಯೇ ಹೋಗಿ ಸೇರಿಕೊಂಡರು. ಐದೇ ದಿನದ ದೇಶ ಅದು. ಆಮೇಲೆ ರಾಜಧಾನಿ ದಕ್ಷಿಣಕ್ಕೆ, ಅಧ್ಯಕ್ಷ ದಕ್ಷಿಣದವರು, ಪ್ರಧಾನಿಯೂ ಅಲ್ಲಿಯವರೇ. 1961ರಲ್ಲಿ ಸಂವಿಧಾನಕ್ಕೆ ಮತ ಹಾಕಿ ಅಂದಾಗ ಉತ್ತರದವರು ತುಂಬಾ ಜನ ಹೋಗಲೇ ಇಲ್ಲ, ಹೋದವರಲ್ಲೂ ಹೆಚ್ಚಿನವರು ಬೇಡ ಅಂದರಂತೆ. ಒಂದಾಗುವ ಕಾಗದವೇ ಸರಿ ಇರಲಿಲ್ಲವಂತೆ. ಹರ್ಗೀಸಾದಲ್ಲಿ ಪಾಸಾದದ್ದು ಒಂದು, ಮೊಗದಿಶುವಿನಲ್ಲಿ ಪಾಸಾದದ್ದು ಇನ್ನೊಂದು.

ಅಷ್ಟು ಹೇಳಿ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಬೆಂಗಳೂರಿನವರು ಯಾವತ್ತಾದರೂ ನಿಮ್ಮೂರಿನ ಮೇಲೆ ಬಾಂಬ್ ಹಾಕಿದ್ದಾರಾ?"

ನಾನು ಏನು ಹೇಳಲಿ?

1988ರಲ್ಲಿ, ಆಗ ಸೊಮಾಲಿಯಾ ಆಳುತ್ತಿದ್ದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸರ್ಕಾರ ಹರ್ಗೀಸಾ ಊರನ್ನೇ ನೆಲಸಮ ಮಾಡಿತು. ಇಸಾಕ್ ಅನ್ನುವ ಕುಲದವರು ದಂಗೆ ಎದ್ದಿದ್ದಾರೆ ಅಂತ. ಅದೇ ಊರಿನ ವಿಮಾನ ನಿಲ್ದಾಣದಿಂದ ವಿಮಾನ ಏಳುತ್ತಿತ್ತು, ಅದೇ ಊರಿನ ಮೇಲೆ ಬಾಂಬ್ ಹಾಕುತ್ತಿತ್ತು, ಅಲ್ಲೇ ಇಳಿಯುತ್ತಿತ್ತು. ಹಾಜಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಇಥಿಯೋಪಿಯಾದ ಹರ್ತಶೇಖ್ ಶಿಬಿರದ ತನಕ ನಡೆದಿದ್ದರು. ಲಕ್ಷಗಟ್ಟಲೆ ಜನ ಹಾಗೆ ನಡೆದರು. ಅಂಥದ್ದೇ ಒಂದು ಮಿಗ್ ವಿಮಾನವನ್ನು ಈಗ ಹರ್ಗೀಸಾದ ನಡುಪೇಟೆಯಲ್ಲಿ ಕಟ್ಟೆ ಕಟ್ಟಿ ಮೇಲೆ ನಿಲ್ಲಿಸಿದ್ದಾರೆ. ನಿಶಾಂತ ಅದರ ಮುಂದೆ ನಗುತ್ತಾ ಸೆಲ್ಫಿ ತೆಗೆಯುವುದೂ ಬೇಡ.

ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು. ಮೊಗದಿಶುವಿನವನಿಗೂ ಸಿಟ್ಟು ಬಂತು. ಬರ್ರೆ ನಮ್ಮನ್ನೇನು ಮುದ್ದು ಮಾಡಿದನಾ ಅಂದ. 1991ರ ಜನವರಿಯಲ್ಲಿ ಅವನು ಓಡಿಹೋದ ಮೇಲೆ ಮೊಗದಿಶು ಬೀದಿ ಬೀದಿಯಲ್ಲಿ ಹೊತ್ತಿ ಉರಿಯಿತು, ಇವನ ತಮ್ಮ ಅದರಲ್ಲೇ ಸತ್ತ. "ನಾವು ಸಾಯುತ್ತಿದ್ದಾಗ, ಅದೇ ವರ್ಷ ಮೇ 18ಕ್ಕೆ ನೀವು ನಿಮ್ಮ ಬುರಾವೊ ಊರಿನಲ್ಲಿ ಸಭೆ ಸೇರಿ ನಾವು ಬೇರೆ ಅಂದಿರಿ" ಅಂದ. ಸೊಮಾಲಿಯಾದ ಬಾವುಟದ ನಕ್ಷತ್ರ ಇದೆಯಲ್ಲ, ಅದಕ್ಕೆ ಐದು ಮೂಲೆ. ಸೊಮಾಲಿಗಳ ಐದು ಸೀಮೆ. ಜಿಬೂತಿ ಬೇರೆಯಾಯಿತು, ಒಗಡೇನ್ ಇಥಿಯೋಪಿಯಾದಲ್ಲಿ ಉಳಿಯಿತು, ಒಂದು ಕೀನ್ಯಾದಲ್ಲಿ. ಸೇರಿದ್ದು ಎರಡೇ ಎರಡು, ಅದರಲ್ಲಿ ಒಂದನ್ನು ಕಿತ್ತುಕೊಂಡು ಹೊರಟಿದ್ದೀರಿ ಅಂತ ಅವನ ಕಣ್ಣಲ್ಲಿ ನೀರು. ನನಗೆ ನಮ್ಮ ಕಾಸರಗೋಡು ನೆನಪಾಯಿತು. ಬಾಯಿ ಸುಮ್ಮನಿರಬೇಕಲ್ಲ, ಅದನ್ನೂ ಹೇಳಿದೆ. ಹಾಜಿ ಎದ್ದು ಹೋದರು.

ಮರುವಾರ ಅವರ ಲೆಕ್ಕವೆಲ್ಲ ಪಕ್ಕದ ಆಫೀಸಿಗೆ ಹೋಯಿತು. ನಮ್ಮ ಮುದಲಾಳಿ ನನ್ನನ್ನು ಜೆಬೆಲ್ ಅಲಿ ಗೋದಾಮಿಗೆ ಹಾಕಿದರು. ಒಂಬತ್ತು ತಿಂಗಳು, ಏಸಿ ಇಲ್ಲ. ನಿಮ್ಮ ದೊಡ್ಡಮ್ಮನಿಗೆ ಅದನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ಈಗ ಕೇಳಿಸಿಕೊಳ್ಳುತ್ತಾಳೆ, ಇರಲಿ.

ಹಾಜಿ ಮತ್ತೆ ಮಾತಾಡಿದ್ದು 2001ರಲ್ಲಿ. ಆ ಮೇ ತಿಂಗಳಲ್ಲಿ ಅಲ್ಲಿ ಜನಮತ ಆಯಿತು, ಬೇರೆ ದೇಶ ಅನ್ನುವ ಸಂವಿಧಾನಕ್ಕೆ ನೂರಕ್ಕೆ 97 ಜನ ಹೌದು ಅಂದರು. ಮತ ಹಾಕಲು ಊರಿಗೆ ಹೋಗಿ ಬಂದವರು ಕ್ರೀಕ್‌ನಲ್ಲಿ ಸಿಕ್ಕಿ ನನ್ನನ್ನು ಅಪ್ಪಿಕೊಂಡರು. ಅದನ್ನು ಮೊಗದಿಶುವಿನವನಿಗೆ ಹೇಳಿದರೆ ಅವನು, ಪೂರ್ವದ ಲಾಸ್ ಅನೋದ್ ಕಡೆಯವರು ಮತ ಹಾಕಲು ಹೋದರಾ ಕೇಳಿ ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಕಡೆಯ ಕುಲದವರಿಗೆ ಮೊಗದಿಶು ಜೊತೆಗೇ ಇರಬೇಕು. 2023ರಲ್ಲಿ ಅದಕ್ಕೇ ಯುದ್ಧವಾಗಿ ಸೊಮಾಲಿಲ್ಯಾಂಡ್ ಸೈನ್ಯ ಅಲ್ಲಿಂದ ಹಿಂದೆ ಸರಿಯಬೇಕಾಯಿತು. ಬೇರೆಯಾದವರ ಒಳಗೂ ಬೇರೆ ಬೇಕು ಅನ್ನುವವರು ಇದ್ದಾರೆ ಸುಮಾ. ನನ್ನನ್ನು ಕೇಳಿದರೆ ಹಾಜಿಯ ನೋವೂ ನಿಜ, ಇವನದ್ದೂ ನಿಜ. ಆದರೆ ಬಾಂಬ್ ಬಿದ್ದವನಿಗೆ ಒಂದಾಗು ಅಂತ ಬುದ್ಧಿ ಹೇಳಲು ನಾನ್ಯಾರು?

ಅದಕ್ಕೇ ಮತ್ತೆ ಹೇಳುತ್ತೇನೆ, ನಿಶಾಂತಾ, ನೀನೇ ಕೇಳಿಸಿಕೋ. ಒಂದೋ ಎರಡೋ ಅಂತ ಬಾಯಿ ಬಿಡಬೇಡ. ಟ್ಯಾಕ್ಸಿಯವನು ತಾನಾಗಿ ಕೇಳಿದರೂ, ಚಹಾ ಚೆನ್ನಾಗಿದೆ ಅನ್ನು. ಇಸ್ರೇಲ್ ವಿಷಯವಂತೂ ಎತ್ತಲೇಬೇಡ. 2025ರ ಡಿಸೆಂಬರ್ 26ರಂದು ಅವರು ಮಾನ್ಯತೆ ಕೊಡುವ ತನಕ ವಿಶ್ವಸಂಸ್ಥೆಯ ಒಂದು ಸದಸ್ಯ ದೇಶವೂ ಕೊಟ್ಟಿರಲಿಲ್ಲ. ಮೊಗದಿಶು ಕೆಂಡವಾಗಿದೆ.

ಅವರ ಒಂದಾಗುವ ಕಾಗದ ಹೊಂದಲಿಲ್ಲ ಅಂದೆನಲ್ಲ, ನಮ್ಮ ಮನೆ ಹಿಸ್ಸೆಯಲ್ಲಿ ಆದದ್ದೇನು? ದುಬೈಗೆ ಫ್ಯಾಕ್ಸ್ ಮಾಡಿದ ಪ್ರತಿಯಲ್ಲಿ ಬಾವಿಯ ಪಕ್ಕದ ಹಲಸಿನ ಮರ ನನ್ನ ಪಾಲಿಗೆ ಇತ್ತು. ನಾನು ಸರಿ ಅಂದೆ. ರಿಜಿಸ್ಟರ್ ಆದ ಪತ್ರದಲ್ಲಿ ಮರ ಆ ಕಡೆ! ಸಹಿ ಮಾಡಲು ಬಂದದ್ದು ಒಂದೇ ದಿನದ ಮಟ್ಟಿಗೆ, ಯಾರು ಸರ್ವೆ ನಂಬರ್ ಓದುತ್ತಾರೆ? ಮನೆಗೆ ಹೊಸ ಹೆಂಚು ಹೊದೆಸಿದ್ದು ಯಾರ ದುಡ್ಡು? ಸುಮಾ, ನಿನ್ನಪ್ಪನದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೇಳುತ್ತಲೇ ಇದ್ದೇನೆ, ಇರಲಿ. ಇಷ್ಟು ವರ್ಷದಲ್ಲಿ ನಾಲ್ಕು ಸೊಳೆ ಹಣ್ಣು ಯಾರಾದರೂ ಕಳಿಸಿದ್ದೀರಾ? ಮಾಧವ ಆ ಮರದ ಕೆಳಗೆ ಕಾರು ನಿಲ್ಲಿಸಿ ಫೋಟೋ ಹಾಕುತ್ತಾನೆ. ನೋಡುತ್ತೇನೆ, ಸುಮ್ಮನಿರುತ್ತೇನೆ.

ಏನೋ ಹೇಳಲು ಹೊರಟಿದ್ದೆ. ಹಾಂ, ವೀಸಾ! ಮೊದಲೇ ಹೇಳಬೇಕಿತ್ತು. ಮೊಗದಿಶುವಿನ ವೀಸಾ ಬೇರೆ, ಹರ್ಗೀಸಾದ ವೀಸಾ ಬೇರೆ. 2025ರ ಸೆಪ್ಟೆಂಬರ್‌ನಿಂದ ಮೊಗದಿಶು ಆನ್‌ಲೈನ್ ವೀಸಾ ಶುರು ಮಾಡಿದೆ, ಇಡೀ ಸೊಮಾಲಿಯಾಕ್ಕೆ ಅದೇ ಅನ್ನುತ್ತದೆ. ಹರ್ಗೀಸಾದವರು ಅದು ನಮ್ಮಲ್ಲಿ ನಡೆಯುವುದಿಲ್ಲ ಅನ್ನುತ್ತಾರೆ. ಏಜೆಂಟ್ ಅಗ್ಗಕ್ಕೆ ಸಿಕ್ಕಿತು ಅಂತ ತಪ್ಪು ವೀಸಾ ಕೈಗಿಟ್ಟರೆ ಹುಡುಗ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾನೆ. ಯಾವ ವೀಸಾ, ಯಾರು ಮಾಡಿಸುತ್ತಾರೆ ಅಂತ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಹರ್ಗೀಸಾದಲ್ಲಿ ನಮ್ಮ ದೂತಾವಾಸ ಇಲ್ಲ. ಸೊಮಾಲಿಯಾದ ಕೆಲಸ ನೋಡುವವರು ನೈರೋಬಿಯಲ್ಲಿದ್ದಾರೆ, ಹತ್ತಿರದ್ದು ಜಿಬೂತಿ. ಪಾಸ್‌ಪೋರ್ಟಿನ ಎರಡು ಪ್ರತಿ ನಿನ್ನ ಹತ್ತಿರ ಇರಲಿ.

ಬಂದರನ್ನು 2017ರಿಂದ ದುಬೈಯ ಡಿಪಿ ವರ್ಲ್ಡ್ ಅನ್ನುವ ಬಂದರು ಕಂಪನಿ ನಡೆಸುತ್ತಿದೆ. ನಿಶಾಂತನ ನೇಮಕಾತಿ ಅವರದ್ದೋ, ಒಳಗಿನ ಗುತ್ತಿಗೆದಾರನದ್ದೋ ನೋಡಬೇಕು. ಬರ್ಬೆರಾ ಮೊಗದಿಶುವಿನಷ್ಟು ಅಪಾಯದ ಊರಲ್ಲ, ಆದರೆ 2008ರಲ್ಲಿ ಹರ್ಗೀಸಾದಲ್ಲೂ ಬಾಂಬ್ ಸಿಡಿದಿತ್ತು. ಲಾಸ್ ಅನೋದ್ ಕಡೆಗೆ ಹೋಗಲೇಬಾರದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹತ್ತಿ ಅಂಗಿ ಹಾಕಿಕೊಡು.

ಈಗ ನೇಮಕಾತಿ ಪತ್ರದ ಫೋಟೋ ತೆಗೆದು ಇಲ್ಲಿ ಹಾಕು. ಬರ್ಬೆರಾ ಅಂತ ಬರೆದು ಮುಂದೆ ಯಾವ ದೇಶದ ಹೆಸರು ಹಾಕಿದ್ದಾರೆ ನೋಡೋಣ.