ನಳದ ನೀರಿನ ಪರೀಕ್ಷಾ ನಿಲ್ಲಿಸಿದ್ದಕ್ಕ ಹೊಣಿ ಯಾರದು? (ಗೋಕುಲ ರಸ್ತೆ ಕಡೆಯ ನಿವಾಸಿಗಳ ಗುಂಪು, ಹುಬ್ಬಳ್ಳಿ)

ಪ್ಲಾಟ್ 14:
3ನೇ ಕ್ರಾಸ್‌ನ ಕಡೀ ಮನಿಗಳಿಗೆ ನೀರು ಬಿಟ್ಟ ಕೂಡಲೇ ಗಟಾರದ ವಾಸನಿ ಬರಾಕತ್ತೇದ. ತಿಂಗಳಿಗೊಮ್ಮೆ ನಳದ ನೀರು ತಗೊಂಡು ಹೋಗಿ ಪರೀಕ್ಷಾ ಮಾಡೂದನ್ನ ನೀರಿನ ಕಚೇರಿಯವರು ಈ ವರ್ಷ ನಿಲ್ಲಿಸ್ಯಾರ. ಕೇಳಿದ್ರ “ಅನುದಾನ ಕಡಿಮಿ ಆಗೇದ” ಅಂತಾರ.

ಪ್ಲಾಟ್ 31:
ಅಮ್ಮಿನಭಾವಿಯ ಶುದ್ಧೀಕರಣ ಘಟಕದೊಳಗ ಶುದ್ಧ ಆದ ನೀರು ಕೆಡೂದು ಓಣ್ಯಾಗ. ಸರಬರಾಜು ನಿಂತಾಗ ಪೈಪು ಖಾಲಿಯಾಗಿ ಒಳಗ ಎಳತ ಹುಟ್ಟತದ. ಗಟಾರ ದಾಟೋ ಜಿಐ ಪೈಪಿನ ಜಾಯಿಂಟ್ ತುಕ್ಕು ತಿಂದಿದ್ರ ಹೊಲಸು ಅಲ್ಲಿಂದನ ಒಳಗ. ಅದಕ್ಕ ಪರೀಕ್ಷಾ ಲೈನಿನ ತುದ್ಯಾಗ ಆಗಬೇಕು. ಬೀದಿದೀಪ ಆರಿದ್ರ ಅವತ್ತ ರಾತ್ರಿನ ಫೋನ್ ಹೋಗ್ತಾವ. ಪರೀಕ್ಷಾ ನಿಂತ್ರ ಯಾರೂ ಕೇಳೂದಿಲ್ಲ. ಖರ್ಚಿನ ಕತ್ತರಿ ಇಂಥಲ್ಲೇ ಬೀಳತದ.

ಪ್ಲಾಟ್ 7:
ರೊಕ್ಕನ ಇಲ್ಲಂದ್ರ ಅವರರ ಏನ ಮಾಡಬೇಕ್ರಿ? ಇದರಾಗ ಪಾಪ-ಪುಣ್ಯ ಯಾಕ ತರ್ತೀರಿ, ಇದು ಲೆಕ್ಕದ ಮಾತು.

ಪ್ಲಾಟ್ 22:
ಲೆಕ್ಕ ಹಾಕಿದವರ ಹೊಣಿ ಎಲ್ಲಿಗೆ ಮುಟ್ಟತದ ಅನ್ನೂದಕ್ಕ ಕೆನಡಾದ ವಾಕರ್ಟನ್ ನೋಡ್ರಿ. ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಖರ್ಚು ಕಡಿತ ಮಾಡಿ 1996ರಾಗ ಊರೂರಿನ ನೀರು ಪರೀಕ್ಷಾ ಮಾಡೂದನ್ನ ಸರ್ಕಾರಿ ಲ್ಯಾಬಿನಿಂದ ಬಿಡಿಸಿ ಖಾಸಗಿಗೆ ಬಿಟ್ಟಿತು. ಕೆಟ್ಟ ಫಲಿತಾಂಶ ಬಂದ್ರ ಆರೋಗ್ಯ ಅಧಿಕಾರಿಗೆ ತಿಳಿಸಬೇಕು ಅನ್ನೋ ಕಡ್ಡಾಯ ನಿಯಮ ಮಾಡಲಿಲ್ಲ. 2000ದ ಮೇ ತಿಂಗಳಾಗ ಜೋರ್ ಮಳಿಗೆ ದನದ ಗೊಬ್ಬರದಾಗಿನ ಇ. ಕೋಲಿ ಅನ್ನೋ ಕ್ರಿಮಿ ಊರಿನ ನೀರಿನ ಬಾವಿಗೆ ಇಳೀತು. ಲ್ಯಾಬು ಊರಿನ ನೀರಿನ ಕಚೇರಿಗೆ ಮಾತ್ರ ಹೇಳಿತು, ಅವರು ಮುಚ್ಚಿಟ್ರು. 7 ಜನ ಸತ್ರು, 2,300ಕ್ಕೂ ಹೆಚ್ಚು ಜನ ಹಾಸಿಗಿ ಹಿಡದ್ರು.

ಆ ನೀರಿನ ಕಚೇರಿಯವರು ವರ್ಷಗಟ್ಟಲೆ ಕ್ಲೋರಿನ್ ಲೆಕ್ಕ ಸುಳ್ಳು ಬರೆದಿಟ್ಟಿದ್ದೂ ಖರೆ. ಆದ್ರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಓ’ಕಾನರ್ ಅಲ್ಲಿಗೇ ನಿಲ್ಲಲಿಲ್ಲ. ಕಡಿತದಿಂದ ಜನರ ಆರೋಗ್ಯಕ್ಕ ಅಪಾಯ ಅಂತ ಸಂಪುಟಕ್ಕ ಮೊದಲೇ ಎಚ್ಚರಿಕೆ ಹೋಗಿತ್ತು, ಅಪಾಯದ ಅಂದಾಜು ಮಾಡದನ ಮುಂದುವರದ್ರು ಅಂತ ಬರದ್ರು. ಗೊತ್ತಿದ್ದೂ ಅಂದಾಜು ಮಾಡದೇ ಸಹಿ ಹಾಕೂದು, ಅದ ನೈತಿಕ ಹೊಣಿ.

ನಮ್ಮಲ್ಲೂ ದಾರಿ ಅದ. ರತ್ಲಾಮ್ ನಗರಸಭೆ ಪ್ರಕರಣದಾಗ (1980) ಗಟಾರ ಕಟ್ಟಾಕ ರೊಕ್ಕಿಲ್ಲ ಅಂತ ವಾದ ಇತ್ತು. ರೊಕ್ಕಿಲ್ಲ ಅನ್ನೂದು ಕಾನೂನಿನ ಕರ್ತವ್ಯ ತಪ್ಪಿಸಾಕ ನೆಪ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು. ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಕಲಂ 133ರ ಕೆಳಗ, ಸಾರ್ವಜನಿಕ ಉಪದ್ರವ ತೆಗಿಸೋ ಕಲಂ. ಈಗ ಅದರ ಜಾಗಕ್ಕ ಬಂದ ಬಿಎನ್‌ಎಸ್‌ಎಸ್ ಕಲಂ 152. ಅರ್ಜಿ ಉಪವಿಭಾಗಾಧಿಕಾರಿಗೆ.

ಪ್ಲಾಟ್ 7:
ಆದ್ರ ಜೂನಿಯರ್ ಎಂಜಿನಿಯರ್ ಮ್ಯಾಲೆ ಬೀಳೂದಕ್ಕ ನನ್ನ ಒಪ್ಪಿಗಿ ಇಲ್ಲ. ಕತ್ತರಿ ಅವನ ಕೈಯಾಗಿಲ್ಲ.

ಪ್ಲಾಟ್ 22:
ಅದಕ್ಕ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ). “ಯಾಕ ನಿಲ್ಲಿಸಿದ್ರಿ” ಅಂತ ಕೇಳಬ್ಯಾಡ್ರಿ, ಮಾಹಿತಿ ಅಲ್ಲ ಅಂತ ವಾಪಸ್ ಕಳಸ್ತಾರ. ದಾಖಲೆ ಕೇಳ್ರಿ: ಪರೀಕ್ಷಾ ನಿಲ್ಲಿಸಿದ ಆದೇಶ, ಅದಕ್ಕ ಒಪ್ಪಿಗಿ ಕೊಟ್ಟ ಟಿಪ್ಪಣಿ ಹಾಳಿ, ಅಪಾಯದ ಅಂದಾಜು ಮಾಡಿದ್ದರ ಅದರ ಪ್ರತಿ. ಒಂದ ವಿಷಯ, 150 ಶಬ್ದದ ಒಳಗ, 10 ರೂಪಾಯಿ ಪೋಸ್ಟಲ್ ಆರ್ಡರ್. 30 ದಿನದಾಗ ಉತ್ತರ ಬರಲಿಲ್ಲಂದ್ರ ಮೊದಲ ಮೇಲ್ಮನವಿ. ಅಂದಾಜಿನ ದಾಖಲೆ “ಲಭ್ಯವಿಲ್ಲ” ಅಂತ ಬಂದ್ರ ಅದ ನಮಗ ದೊಡ್ಡ ಕಾಗದ.

ಪ್ಲಾಟ್ 31:
ಅಲ್ಲೀತನಕ ಸ್ಯಾಂಪಲ್. ಸಂಪಿನಿಂದ ಬ್ಯಾಡ, ರಸ್ತೆ ಲೈನಿನ ನಳದಿಂದ. ಒಂದು ನೀರು ಬಂದ ಕೂಡಲೇ, ಇನ್ನೊಂದು ಹತ್ತು ನಿಮಿಷ ಬಿಟ್ಟು. ಕ್ಲೋರೋಸ್ಕೋಪಿನಾಗ (ಕ್ಲೋರಿನ್ ಅಳಿಯೋ ಕಿಟ್) ನೀರಿನಾಗ ಉಳದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಕನಿಷ್ಠ ಇರಬೇಕು. ಎಚ್‌2ಎಸ್ ಬಾಟ್ಲಿ (ಹೊಲಸಿನ ಕ್ರಿಮಿ ಇದ್ರ ನೀರು ಕರ್ರಗಾಗೋ ಪರೀಕ್ಷಾ ಬಾಟ್ಲಿ) ಗೆರಿತನಕ ತುಂಬಿ, ಮುಚ್ಚಳದ ಒಳಭಾಗ ಮುಟ್ಟದಂಗ, 48 ತಾಸು ಇಡ್ರಿ. ಕರ್ರಗಾದ್ರ ಸಂಶಯ ಅಷ್ಟ, ಪುರಾವೆ ಅಲ್ಲ. ಪುರಾವೆಗೆ ಲ್ಯಾಬಿನಿಂದನ ಸ್ಟೆರೈಲ್ ಬಾಟ್ಲಿ ತರ್ರಿ, ಒಳಗ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲಂದ್ರ ನೀರಿನಾಗಿನ ಕ್ಲೋರಿನ್ ದಾರ್ಯಾಗ ಕ್ರಿಮಿ ಕೊಂದು ರಿಪೋರ್ಟ್ ಸುಳ್ಳ ಛಲೋ ಬರತದ. ಐಸಿನ ಡಬ್ಬ್ಯಾಗಿಟ್ಟು ಅವತ್ತ ಮುಟ್ಟಿಸ್ರಿ. 100 ಮಿಲಿಯೊಳಗ ಒಂದೂ ಇ. ಕೋಲಿ ಇರಬಾರದು, ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಹಂಗ ಹೇಳತದ. ಕಡೀ ಮನಿಯವರು ನೀರು ಕುದಿಸಿನ ಕುಡೀರಿ.

ಪ್ಲಾಟ್ 14:
ಆರ್‌ಟಿಐ ಕರಡು 22ರವರು ಹಾಕ್ರಿ. ಗಟಾರ ದಾಟೋ ಪೈಪುಗಳ ಫೋಟೊ ನಾವು ತಗೀತೀವಿ, ಮನಿ ನಂಬರ್ ಸಮೇತ. ಲ್ಯಾಬಿನ ಫೀ ಎಷ್ಟಂತ 31ರವರು ಕೇಳಿ ಹೇಳ್ರಿ, ವರ್ಗಣಿ ಆಮ್ಯಾಲೆ.