2.4 ಗಿಗಾಹರ್ಟ್ಜ್ ಪೋರ್ಟಬಲ್ ಇಎಸ್‌ಆರ್‌ಗೆ ಯಾವ ರೆಸೊನೇಟರ್ ಮಾಡಲಿ?

ತಾಮ್ರತಂತಿ:
ನಮಸ್ಕಾರ. ಬ್ಯಾಗಿನಲ್ಲಿ ಹಿಡಿಸುವಂಥ ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್, ಅಂದರೆ ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿನ ಒಂಟಿ ಎಲೆಕ್ಟ್ರಾನ್‌ಗಳು ಮೈಕ್ರೋವೇವ್ ಹೀರುವುದನ್ನು ಅಳೆಯುವ ವಿಧಾನ) ಉಪಕರಣ ಕಟ್ಟಲು ಹೊರಟಿದ್ದೇನೆ. ವೈಫೈ ಬ್ಯಾಂಡಿನ ಬಿಡಿಭಾಗಗಳು ಅಗ್ಗ, ಅದಕ್ಕೇ 2.4 ಗಿಗಾಹರ್ಟ್ಜ್. ಅದಕ್ಕೆ ಬೇಕಾದ ಕಾಂತಕ್ಷೇತ್ರ ಸುಮಾರು 86 ಮಿಲಿಟೆಸ್ಲಾ, ಶಾಶ್ವತ ಅಯಸ್ಕಾಂತದಲ್ಲೇ ಸಿಗುತ್ತದೆ. ಸ್ಯಾಂಪಲ್ ಇರುವುದು 1 ಮಿಲಿಮೀಟರ್ ದಪ್ಪದ ಕ್ಯಾಪಿಲರಿಯಲ್ಲಿ (ಸಪೂರ ನಳಿಕೆ), ಮೊದಲು ಡಿಪಿಪಿಎಚ್ ಪುಡಿ, ಆಮೇಲೆ ನೀರಿನಲ್ಲಿ ಕರಗಿಸಿದ ಟೆಂಪಾಲ್ (ಎರಡೂ ಒಂಟಿ ಎಲೆಕ್ಟ್ರಾನ್ ಇರುವ ವಸ್ತುಗಳು). ಸ್ಯಾಂಪಲ್ ಸುತ್ತ ಮೈಕ್ರೋವೇವ್ ಹಿಡಿದಿಡುವ ರೆಸೊನೇಟರನ್ನು ಎಫ್‌ಆರ್‌4 (ಸಾಮಾನ್ಯ ಸರ್ಕ್ಯೂಟ್) ಬೋರ್ಡಿನಲ್ಲಿ ಮೈಕ್ರೋಸ್ಟ್ರಿಪ್ ಆಗಿ, ಅಂದರೆ ತಾಮ್ರದ ಪಟ್ಟಿಯಾಗಿ, ಹಾಕಿ ಸಿಮ್ಯುಲೇಟ್ ಮಾಡಿದರೆ ಕ್ಯೂ (ಶಕ್ತಿ ಸೋರದೆ ಎಷ್ಟು ಉಳಿಯುತ್ತದೆ ಎಂಬ ಅಳತೆ) 50ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಲ್ಯಾಬಿನ ಕ್ಯಾವಿಟಿಗಳಲ್ಲಿ (ಟೊಳ್ಳು ಲೋಹದ ಪೆಟ್ಟಿಗೆಯಂಥ ರೆಸೊನೇಟರ್) ಸಾವಿರಗಟ್ಟಲೆ ಇರುತ್ತದೆ ಅಲ್ವಾ? ಇಷ್ಟು ಕಡಿಮೆ ಕ್ಯೂನಲ್ಲಿ ಸಿಗ್ನಲ್ ಕಾಣುತ್ತದಾ?

ಅಲೆಗಾರ:
ಕ್ಯೂ ಒಂದನ್ನೇ ನೋಡಬೇಡಿ. ಸಿಗ್ನಲ್ ಬರುವುದು ಕ್ಯೂ ಮತ್ತು ಫಿಲ್ಲಿಂಗ್ ಫ್ಯಾಕ್ಟರ್ (ಕಾಂತಶಕ್ತಿಯಲ್ಲಿ ಎಷ್ಟು ಪಾಲು ಸ್ಯಾಂಪಲ್ ಇರುವ ಜಾಗದಲ್ಲಿದೆ ಎಂಬುದು) ಎರಡರ ಗುಣಲಬ್ಧದಿಂದ. ದೊಡ್ಡ ಕ್ಯಾವಿಟಿಯಲ್ಲಿ ನಿಮ್ಮ ಸಣ್ಣ ಕ್ಯಾಪಿಲರಿ ಇಟ್ಟರೆ ಕಾಂತಶಕ್ತಿಯ ಬಹುಪಾಲು ಸ್ಯಾಂಪಲ್ ಇಲ್ಲದ ಜಾಗದಲ್ಲೇ ಇರುತ್ತದೆ, ಕ್ಯೂ ಎಷ್ಟಿದ್ದರೇನು. ಎಫ್‌ಆರ್‌4 ಮಾತ್ರ ಬಿಟ್ಟುಬಿಡಿ, ಅದರ ಲಾಸ್ ಟ್ಯಾಂಜೆಂಟ್ (ಬೋರ್ಡ್ ಶಕ್ತಿ ನುಂಗುವ ಅಳತೆ) 0.02, ನಿಮ್ಮ ಕ್ಯೂ 50ರಲ್ಲಿ ನಿಂತದ್ದು ಅದರಿಂದಲೇ. ಇಲ್ಲಿ ಲೂಪ್ ಗ್ಯಾಪ್ ರೆಸೊನೇಟರ್ ಸರಿಯಾದ ಆಯ್ಕೆ. 1982ರಲ್ಲಿ ಫ್ರಾನ್‌ಚಿಷ್ ಮತ್ತು ಹೈಡ್ ಇಎಸ್‌ಆರ್‌ಗೆ ತಂದದ್ದು. ಒಂದು ಕೊಳವೆ, ಅದರಲ್ಲಿ ಉದ್ದಕ್ಕೂ ಒಂದು ಸೀಳು, ಅಷ್ಟೇ. ಕೊಳವೆಯೇ ಇಂಡಕ್ಟರ್, ಸೀಳೇ ಕೆಪಾಸಿಟರ್. ನೀರು ಶಕ್ತಿ ನುಂಗುವುದು ವಿದ್ಯುತ್ ಕ್ಷೇತ್ರದಿಂದ, ಆ ಕ್ಷೇತ್ರ ಹೆಚ್ಚಾಗಿ ಸೀಳಿನಲ್ಲೇ ಉಳಿಯುತ್ತದೆ, ಹಾಗಾಗಿ ನೀರಿನ ಸ್ಯಾಂಪಲ್ ಕೊಳವೆಯೊಳಗೆ ಇದ್ದರೂ ಕ್ಯೂ ಅಷ್ಟೊಂದು ಬೀಳುವುದಿಲ್ಲ. ನಿಮಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ.

ಅಳತೆಗೆ ಒಂದು ಲೆಕ್ಕ: ಒಳಗಿನ ತ್ರಿಜ್ಯ 1.5 ಮಿಲಿಮೀಟರ್, ಗೋಡೆಯ ದಪ್ಪ 4 ಮಿಲಿಮೀಟರ್, ಸೀಳಿನ ಅಗಲ 0.15 ಮಿಲಿಮೀಟರ್, ಸೀಳಿನೊಳಗೆ ಟೆಫ್ಲಾನ್ ಹಾಳೆ. ಆದರ್ಶ ಸೂತ್ರದಲ್ಲಿ ಇದು 2.4 ಗಿಗಾಹರ್ಟ್ಜ್‌ಗೇ ಬರುತ್ತದೆ, ಕೊಳವೆಯ ಉದ್ದ ಲೆಕ್ಕಕ್ಕೇ ಬರುವುದಿಲ್ಲ. ನಿಜದಲ್ಲಿ ಸೀಳಿನ ಅಂಚಿನ ಕ್ಷೇತ್ರ ಫ್ರೀಕ್ವೆನ್ಸಿಯನ್ನು ಕೆಳಗೆ ಎಳೆಯುತ್ತದೆ, ಸುತ್ತಲಿನ ಶೀಲ್ಡ್ ಮೇಲಕ್ಕೆ ತಳ್ಳುತ್ತದೆ, ಆದ್ದರಿಂದ ಟ್ಯೂನ್ ಮಾಡಲು ಜಾಗ ಇಟ್ಟುಕೊಳ್ಳಿ.

ಗಾಸ್‌ಮೀಟರ್:
ಮೇಲಿನದಕ್ಕೆ ಒಂದು ಎಚ್ಚರಿಕೆ. ಗಟ್ಟಿ ತಾಮ್ರದ ಕೊಳವೆ, ಅದರ ಸುತ್ತ ಗಟ್ಟಿ ಶೀಲ್ಡ್ ಹಾಕಿದರೆ ನಿಮ್ಮ ಮಾಡ್ಯುಲೇಶನ್ ಕ್ಷೇತ್ರ (ಸಿಗ್ನಲ್ ಹಿಡಿಯಲು ಮುಖ್ಯ ಕಾಂತಕ್ಷೇತ್ರಕ್ಕೆ ಕೊಡುವ ಸಣ್ಣ ಅಲುಗಾಟ) ಒಳಗೆ ಸರಿಯಾಗಿ ಹೋಗುವುದಿಲ್ಲ. 100 ಕಿಲೋಹರ್ಟ್ಜ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕ್ಷೇತ್ರ ಲೋಹದೊಳಗೆ ಇಳಿಯುವ ಆಳ) ಸುಮಾರು 0.2 ಮಿಲಿಮೀಟರ್. ಆದರೆ 2.4 ಗಿಗಾಹರ್ಟ್ಜ್‌ನಲ್ಲಿ ಅದು ಬರೀ 1.3 ಮೈಕ್ರೋಮೀಟರ್! ಈ ವ್ಯತ್ಯಾಸವನ್ನೇ ಬಳಸಿಕೊಳ್ಳಿ. ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಅಚ್ಚಿನ ಮೇಲೆ 10-20 ಮೈಕ್ರೋಮೀಟರ್ ತಾಮ್ರ ಲೇಪಿಸಿದರೆ ಮೈಕ್ರೋವೇವ್‌ಗೆ ಅದು ಪೂರ್ತಿ ಲೋಹ, ಮಾಡ್ಯುಲೇಶನ್‌ಗೆ ಬಹುತೇಕ ಪಾರದರ್ಶಕ. ಶೀಲ್ಡನ್ನೂ ಹಾಗೇ ತೆಳ್ಳಗೆ ಮಾಡಿ. ಲೇಪನ ಸಾಧ್ಯವಿಲ್ಲದಿದ್ದರೆ ಮಾಡ್ಯುಲೇಶನ್ 10 ಕಿಲೋಹರ್ಟ್ಜ್‌ಗೆ ಇಳಿಸಿ, ಸ್ವಲ್ಪ ನಾಯ್ಸ್ ಜಾಸ್ತಿ ಆದರೂ ಕೆಲಸ ನಡೆಯುತ್ತದೆ.

ತಾಮ್ರತಂತಿ:
ಇದು ತುಂಬಾ ಉಪಯೋಗ ಆಯಿತು, ಇಬ್ಬರಿಗೂ ಧನ್ಯವಾದ. ಅಯಸ್ಕಾಂತದ ಬಗ್ಗೆಯೂ ಯೋಚಿಸಬೇಕಾ, ಅಥವಾ ಸುಮ್ನೆ ಎರಡು ನಿಯೋಡಿಮಿಯಂ ತಟ್ಟೆ ಎದುರುಬದುರು ಇಟ್ಟರೆ ಸಾಕಾ?

ಗಾಸ್‌ಮೀಟರ್:
ಯೋಚಿಸಲೇಬೇಕು. ನಿಯೋಡಿಮಿಯಂ ಒಂದು ಡಿಗ್ರಿ ಬಿಸಿಯಾದರೆ ಕ್ಷೇತ್ರ ಸುಮಾರು 0.11 ಶೇಕಡಾ ಇಳಿಯುತ್ತದೆ. 86ರಲ್ಲಿ ಅದು 0.09 ಮಿಲಿಟೆಸ್ಲಾ. ಡಿಪಿಪಿಎಚ್ ಪುಡಿಯ ಗೆರೆಯ (ಸಿಗ್ನಲ್ ಕಾಣುವ ಜಾಗ) ಅಗಲವೇ 0.1-0.2 ಮಿಲಿಟೆಸ್ಲಾ, ಅಂದರೆ ಒಂದೆರಡು ಡಿಗ್ರಿಗೇ ಗೆರೆ ತನ್ನ ಅಗಲದಷ್ಟು ಜರುಗಿಬಿಡುತ್ತದೆ. ಸಮೇರಿಯಂ ಕೋಬಾಲ್ಟ್ ತಗೊಂಡರೆ ಇದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಬೆಲೆ ಮಾತ್ರ ಜಾಸ್ತಿ. ಟೆಂಪಾಲ್‌ಗೆ ಮೂರು ಗೆರೆ, ಒಂದಕ್ಕೊಂದು ಸುಮಾರು 1.7 ಮಿಲಿಟೆಸ್ಲಾ ದೂರ, ಹಾಗಾಗಿ ಸ್ವೀಪ್ ಕಾಯಿಲ್ (ಕಾಂತಕ್ಷೇತ್ರವನ್ನು ಹೆಚ್ಚು ಕಡಿಮೆ ಮಾಡುವ ಸುರುಳಿ) ಕನಿಷ್ಠ 5 ಮಿಲಿಟೆಸ್ಲಾ ಸುತ್ತಾಡುವಂತೆ ಸುತ್ತಿ. ಚಿಕ್ಕ ರೆಸೊನೇಟರಿನಿಂದ ಇಲ್ಲೂ ಅನುಕೂಲ ಇದೆ. ಕ್ಷೇತ್ರ ಒಂದೇ ಸಮ ಇರಬೇಕಾದದ್ದು ಕೆಲವೇ ಮಿಲಿಮೀಟರ್ ಜಾಗದಲ್ಲಿ, ಆದ್ದರಿಂದ ಅಯಸ್ಕಾಂತವೂ ಚಿಕ್ಕದಾಗುತ್ತದೆ.

ಅಲೆಗಾರ:
ಕಪ್ಲಿಂಗ್‌ಗೆ, ಅಂದರೆ ಮೈಕ್ರೋವೇವನ್ನು ರೆಸೊನೇಟರಿಗೆ ಕೊಡಲು, ಕೊಳವೆಯ ತುದಿಯಲ್ಲಿ ಒಂದು ಸಣ್ಣ ತಂತಿಯ ಬಳೆ ಸಾಕು, ಆದರೆ ಅದನ್ನು ಸ್ಕ್ರೂ ತಿರುಗಿಸಿ ಹಿಂದೆ ಮುಂದೆ ಸರಿಸುವಂತೆ ಮಾಡಿ. ನೀರಿನ ಕ್ಯಾಪಿಲರಿ ಇಟ್ಟಾಗ ಮ್ಯಾಚ್ ತಪ್ಪಿಯೇ ತಪ್ಪುತ್ತದೆ. 3 ಗಿಗಾಹರ್ಟ್ಜ್ ತನಕ ಹೋಗುವ ನ್ಯಾನೋವಿಎನ್‌ಎ (ಪ್ರತಿ ಫ್ರೀಕ್ವೆನ್ಸಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ಅಳೆಯುವ ಸಣ್ಣ ಉಪಕರಣ) ಇದ್ದರೆ ಖಾಲಿ ಕ್ಯಾಪಿಲರಿ, ನೀರು ತುಂಬಿದ ಕ್ಯಾಪಿಲರಿ ಎರಡನ್ನೂ ಇಟ್ಟು ಡಿಪ್ ಎಷ್ಟು ಜರುಗಿತು, ಎಷ್ಟು ಅಗಲವಾಯಿತು ನೋಡಿ ಇಲ್ಲಿ ಹಾಕಿ. ಅದನ್ನು ನೋಡಿ ಟೆಫ್ಲಾನ್ ದಪ್ಪ ಬದಲಿಸಬೇಕಾ ಅಂತ ಹೇಳುತ್ತೇನೆ.