ಪ್ಲಗ್ ಕಿತ್ತರೂ ಓಡುವ ಗಡಿಯಾರ

ಶೀನ: ನಂಗೊಂದು ಅನುಮಾನ ಕಣ್ರೋ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗೂ ಕಿತ್ತು ಮೂಲೇಲಿ ಇಟ್ಟಿರ್ತೀನಿ. ತಿಂಗಳು ಕಳೆದು ಆನ್ ಮಾಡಿದ್ರೂ ತಾರೀಖು, ಗಂಟೆ, ನಿಮಿಷ ಎಲ್ಲಾ ಸರಿಯಾಗಿ ಹೇಳುತ್ತೆ. ನಾನು ಮಧ್ಯಾಹ್ನ ಒಂಚೂರು ಮಲಗಿ ಎದ್ರೆ ಇವತ್ತು ಯಾವ ವಾರ ಅಂತ್ಲೇ ಗೊತ್ತಾಗಲ್ಲ.

ಪದ್ದಿ: ಎಚ್ಚರ ಇದ್ದಾಗ ಗೊತ್ತಾಗೋ ಹಾಗೆ ಮಾತಾಡ್ತೀಯಲ್ಲ!

ಗುಂಡ: ಇಂಟರ್ನೆಟ್‌ನಿಂದ ತಗೊಳ್ಳುತ್ತೆ, ಅಷ್ಟೆ.

ಶೀನ: ಇಂಟರ್ನೆಟ್ ಕೇಬಲ್ಲೂ ಕಿತ್ತಿದ್ದೆ ಕಣೋ.

ಮೇಷ್ಟ್ರು: ಇವನು ಕೀಳದೆ ಬಿಟ್ಟಿದ್ದು ಒಂದೇ. ಕಂಪ್ಯೂಟರ್ ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡ್ ಮೇಲೆ ಗುಂಡಗೆ ಒಂದು ಸೆಲ್ ಕೂತಿರುತ್ತೆ, ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಕರೆಂಟ್ ಪೂರ್ತಿ ಹೋದಾಗ ಗಡಿಯಾರದ ಸರ್ಕ್ಯೂಟಿಗೆ ಅದೇ ಗತಿ. ಆ ಸರ್ಕ್ಯೂಟಲ್ಲಿ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಅದುರುತ್ತೆ.

ಗುಂಡ: ಇದೆಂಥ ಲೆಕ್ಕ ಸಾರ್? ದುಂಡಗೆ 30 ಸಾವಿರ ಅಂತ ಇಟ್ಟಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?

ಮೇಷ್ಟ್ರು: ಅರ್ಧ ಮಾಡ್ತಾ ಹೋಗು ನೋಡೋಣ.

ಗುಂಡ: 16,384... 8,192... 4,096... 2,048...

ಪದ್ದಿ: ಸಾಕು ನಿಲ್ಲಿಸೋ, ಬೆಳಗಾಗುತ್ತೆ.

ಮೇಷ್ಟ್ರು: ಹದಿನೈದನೇ ಸಲಕ್ಕೆ ಸರಿಯಾಗಿ ಒಂದು ಉಳಿಯುತ್ತೆ, ಅದೇ ಒಂದು ಸೆಕೆಂಡು. ನಿನ್ನ 30 ಸಾವಿರ ನಾಲ್ಕು ಸಲ ಅರ್ಧ ಮಾಡೋಷ್ಟರಲ್ಲಿ 1,875 ಆಗಿ, ಐದನೇ ಸಲಕ್ಕೆ ಕೈ ಕೊಡುತ್ತೆ. ಚಿಪ್ಪಿಗೆ ಅರ್ಧ ಮಾಡೋದಷ್ಟೇ ಸಲೀಸು. ಹೀಗಾಗಿ ಖರ್ಚೂ ಕಮ್ಮಿ. ಡಿಎಸ್1307 ಅನ್ನೋ ಗಡಿಯಾರದ ಚಿಪ್ ಸೆಲ್ ಮೇಲೆ ಓಡುವಾಗ 500 ನ್ಯಾನೋ ಆಂಪಿಯರ್, ಅಂದ್ರೆ ಒಂದು ಮಿಲಿ ಆಂಪಿಯರಿನ ಎರಡು ಸಾವಿರದಲ್ಲೊಂದು ಪಾಲು ಕರೆಂಟ್ ಕೂಡ ಎಳೆಯಲ್ಲ. ಸೆಲ್ಲಲ್ಲಿ ಇರೋದು ಸುಮಾರು 220 ಮಿಲಿ ಆಂಪಿಯರ್ ಅವರ್, ಅಂದ್ರೆ ಒಂದು ಮಿಲಿ ಆಂಪಿಯರ್ ಎಳೆದ್ರೆ 220 ಗಂಟೆ ಬರೋಷ್ಟು. ಭಾಗಿಸು.

ಗುಂಡ: (ಫೋನಿನಲ್ಲಿ ಒತ್ತಿ) 50 ವರ್ಷ!

ಶೀನ: ಅಂದ್ರೆ ನನ್ನ ಶ್ರಾದ್ಧದ ತಾರೀಖನ್ನೂ ಅದೇ ನೆನಪಿಸುತ್ತೆ.

ಮೇಷ್ಟ್ರು: ಅದು ಕಾಗದದ ಮೇಲಿನ ಆಯಸ್ಸು. ಸೆಲ್ ಸುಮ್ನೆ ಕೂತ್ರೂ ಒಳಗೊಳಗೇ ಸವೆಯುತ್ತೆ, ಮದರ್‌ಬೋರ್ಡೂ ಇದಕ್ಕಿಂತ ಜಾಸ್ತಿ ಎಳೆಯುತ್ತೆ. ನಿಜವಾಗಿ ಬಾಳೋದು ಕೆಲವು ವರ್ಷ. ಇನ್ನೊಂದು ಗೊತ್ತಾ? ಪ್ಲಗ್ ಹಾಕೇ ಇದ್ರೆ, ಕಂಪ್ಯೂಟರ್ ಆಫ್ ಆಗಿದ್ರೂ ಒಂಚೂರು ಕರೆಂಟ್ ಒಳಗೆ ಬರ್ತಿರುತ್ತೆ. ಆಗ ಗಡಿಯಾರ ಅದರ ಮೇಲೇ ಓಡುತ್ತೆ, ಸೆಲ್ಲಿಗೆ ವಿಶ್ರಾಂತಿ.

ಪದ್ದಿ: ಉಳಿತಾಯ ಅಂತ ಪ್ಲಗ್ ಕಿತ್ತು ಕಿತ್ತು ಇಷ್ಟು ದಿನ ಸೆಲ್ ತಿಂದಿದ್ದು ನೀನೇ!

ಶೀನ: ತಿಂದು ಖಾಲಿಯಾದ್ರೆ?

ಮೇಷ್ಟ್ರು: ಗಡಿಯಾರ 1980ಕ್ಕೋ ಇನ್ಯಾವುದೋ ಹಳೇ ಇಸವಿಗೋ ಹೋಗಿ ಕೂತ್ಕೊಳ್ಳುತ್ತೆ. ಆಮೇಲೆ ಬ್ರೌಸರ್ ತೆಗೆದ್ರೆ ಜಗಳ. ವೆಬ್‌ಸೈಟು ಅಸಲಿ ಅಂತ ತೋರಿಸೋ ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವೇ ಆಗಿಲ್ಲ, ಒಳಗೆ ಬಿಡಲ್ಲ ಅನ್ನುತ್ತೆ. 1981ರ ಐಬಿಎಂ ಪಿಸಿಗೆ ಈ ಸೆಲ್ಲೇ ಇರಲಿಲ್ಲ. ಆನ್ ಮಾಡಿದಾಗಲೆಲ್ಲ ತಾರೀಖು ಕೇಳೋದು, ಬೇಸತ್ತು ಎಂಟರ್ ಒತ್ತಿದ್ರೆ 1980ರ ಜನವರಿ 1. ಐಬಿಎಂ ಪಿಸಿಗಳಿಗೆ ಸೆಲ್ ಇರೋ ಗಡಿಯಾರ ಬಂದಿದ್ದು 1984ರ ಪಿಸಿ ಎಟಿ ಅನ್ನೋ ಮಾದರಿ ಜೊತೆ.

ಪದ್ದಿ: ಅಲ್ಲೀವರೆಗೂ ಸೋಮಾರಿಗಳ ಫೈಲುಗಳಿಗೆಲ್ಲ ಒಂದೇ ದಿನ ಹುಟ್ಟುಹಬ್ಬ.

ಗುಂಡ: ರಾಸ್ಪ್‌ಬೆರಿ ಪೈ ಅಂತ ಪುಟ್ಟ ಕಂಪ್ಯೂಟರ್ ಇದ್ಯಲ್ಲ, ಅದರಲ್ಲೂ ಸೆಲ್ ನೋಡಿದ ನೆನಪಿಲ್ಲ.

ಮೇಷ್ಟ್ರು: 2023ರಲ್ಲಿ ಪೈ 5 ಬರೋವರೆಗೂ ಅದಕ್ಕೆ ಸ್ವಂತ ಗಡಿಯಾರವೇ ಇರಲಿಲ್ಲ. ಮಲಗುವ ಮುಂಚೆ ಗಂಟೆ ಎಷ್ಟಾಗಿತ್ತು ಅಂತ ಬರೆದಿಟ್ಕೊಂಡು, ಎದ್ಮೇಲೆ ಅಲ್ಲಿಂದ್ಲೇ ಎಣಿಸೋದು. ನೆಟ್ ಸಿಕ್ಕಮೇಲೆ ತಿದ್ಕೊಳ್ಳೋದು.

ಪದ್ದಿ: ಶೀನನ ವಂಶ.

ಶೀನ: ಆಯ್ತಮ್ಮಾ. ನನ್ನ ಫೋನು ಸೊನ್ನೆ ಪರ್ಸೆಂಟಿಗೆ ಹೋಗಿ ಸತ್ತು ಎದ್ರೂ ಗಂಟೆ ಸರಿ ಇರುತ್ತಲ್ಲ?

ಮೇಷ್ಟ್ರು: ಸೊನ್ನೆ ಅಂತ ತೋರಿಸಿದಾಗಲೂ ಬ್ಯಾಟರಿ ನಿಜವಾಗಿ ಬರಿದಾಗಿರಲ್ಲ. ಉಳಿದದ್ದರಲ್ಲಿ ಗಡಿಯಾರ ಓಡುತ್ತೆ. ಅದೂ ಮುಗಿದ್ರೆ ನೆಟ್‌ವರ್ಕ್ ಹೇಳಿಕೊಡುತ್ತೆ.

ಗುಂಡ: ನಮ್ಮನೇಲಿ ಪ್ಲಗ್ ಹಾಕೋ ಹಳೇ ಗಡಿಯಾರ ಒಂದಿದೆ. ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದ್ರೆ 12:00, 12:00 ಅಂತ ತಾನೂ ಮಿಟುಕಿಸುತ್ತೆ.

ಮೇಷ್ಟ್ರು: ಆ ಥರದವು ಎಷ್ಟೋ, ಕರೆಂಟು ಹಿಂದೆ ಮುಂದೆ ಹೊಯ್ದಾಡೋ ಸುತ್ತುಗಳನ್ನೇ ಎಣಿಸ್ತವೆ, ಸೆಕೆಂಡಿಗೆ 50. 2018ರ ಆರಂಭದಲ್ಲಿ ಸರ್ಬಿಯಾ–ಕೊಸೊವೊ ವಿದ್ಯುತ್ ಜಗಳದಿಂದ ಯೂರೋಪಿನ ಗ್ರಿಡ್ ಸರಾಸರಿ 49.996ಕ್ಕೆ ಇಳೀತು. ಮಾರ್ಚ್ ಹೊತ್ತಿಗೆ ಅಂಥ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದಿದ್ವು.

ಗುಂಡ: ಆಫೀಸಿಗೆ ತಡವಾಗಿ ಬಂದೋರಿಗೆ ಅಂತಾರಾಷ್ಟ್ರೀಯ ಮಟ್ಟದ ನೆಪ!

ಮೇಷ್ಟ್ರು: ಹರಳೂ ಸತ್ಯಹರಿಶ್ಚಂದ್ರ ಅಲ್ಲ. ದಿನಕ್ಕೆ ಒಂದೆರಡು ಸೆಕೆಂಡು ತಪ್ಪೋದು ಮಾಮೂಲಿ, ತೀರಾ ಸೆಕೆ, ತೀರಾ ಚಳಿ ಎರಡರಲ್ಲೂ ನಿಧಾನ ಆಗುತ್ತೆ. ಶೀನ, ನಿನ್ನ ಕಂಪ್ಯೂಟರ್ ತಿಂಗಳ ನಂತರ 'ಸರಿಯಾಗಿ' ಹೇಳುತ್ತೆ ಅಂದ್ಯಲ್ಲ, ಯಾವುದರ ಜೊತೆ ತಾಳೆ ನೋಡ್ದೆ?

ಶೀನ: ತಾಳೆ ಯಾಕೆ ನೋಡ್ಲಿ? ಅದು ಹೇಳಿದ್ಮೇಲೆ ಆಯ್ತು. ಅದಿರ್ಲಿ, ಹೊಸ ಸೆಲ್ ಹಾಕಿದ್ಮೇಲೆ ಅದಕ್ಕೆ ಗಂಟೆ ಹೇಳೋರು ಯಾರು?

ಮೇಷ್ಟ್ರು: ಕೇಬಲ್ ಕಿತ್ತಿದ್ದೀಯಲ್ಲ, ನೀನೇ ಹೇಳ್ಬೇಕು.

ಪದ್ದಿ: ಇವನು ಹೇಳೋದಾದ್ರೆ, ಪಾಪ, ಅದು 1980ರಲ್ಲೇ ಇರ್ಲಿ ಬಿಡಿ.